ಎಂಟನೇ ತಲೆ

ತಲೆಗಳು ಏಳು. ಹೆಲ್ಮೆಟ್ ಒಂದು.

ಇದರಲ್ಲಿ ತಪ್ಪೇನೂ ಕಾಣದವರೂ ಇದ್ದಾರೆ. ನಮ್ಮ ಕಂಟ್ರಾಕ್ಟರ್ ಅಂಥವನು. "ಒಂದೇ ಹೊತ್ತಿಗೆ ಏಳು ಜನರ ತಲೆ ಮೇಲೂ ಕಲ್ಲು ಬೀಳುತ್ತೇನ್ರೋ?" ಎಂದು ಕೇಳುವವನು. ಬೀಳುತ್ತದೆ. ನಮ್ಮ ಊರಿನ ಆಲಿಕಲ್ಲಿಗೆ ಸರದಿ ಗೊತ್ತಿಲ್ಲ.

ವರ್ಷಕ್ಕೆ ಎರಡು ಸಲ, ಒಮ್ಮೊಮ್ಮೆ ಮೂರು ಸಲ, ಊಟದ ಹೊತ್ತು ಕಳೆದ ಮೇಲೆ ಆಕಾಶ ಹಳೇ ತಾಮ್ರದ ಹಾಗೆ ಹಸಿರು ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಹತ್ತು ನಿಮಿಷ. ಅಷ್ಟರಲ್ಲಿ ಅರ್ಧ ನಗರದ ಹೆಂಚು ಒಡೆದಿರುತ್ತದೆ, ತಗಡು ತೂತಾಗಿರುತ್ತದೆ, ಕಾರಿನ ಗಾಜು ಪುಡಿಯಾಗಿರುತ್ತದೆ. ಜನ ಮಂಚದ ಕೆಳಗೆ ಸೇರುತ್ತಾರೆ. ಕಲ್ಲು ನಿಂತ ಮೇಲೆ ಈಚೆ ಬಂದು ಮೇಲೆ ನೋಡುತ್ತಾರೆ. ಆಮೇಲೆ ನಮ್ಮನ್ನು ಕರೆಸುತ್ತಾರೆ.

ನಾವು ಮನೆಗಳ ಮಾಡು, ಅಂದರೆ ಸೂರು, ರಿಪೇರಿ ಮಾಡುವವರು. ಒಡೆದದ್ದನ್ನು ಕೀಳುತ್ತೇವೆ, ಹೊಸದನ್ನು ಹೊದಿಸುತ್ತೇವೆ. ನಾನು ಹೆಂಚು ಹೊರುವವಳು. ತಲೆ ಮೇಲೆ ಸಿಂಬಿ, ಸಿಂಬಿ ಮೇಲೆ ಹತ್ತು ಹೆಂಚು, ಕಾಲ ಕೆಳಗೆ ಏಣಿ. ದಿನಕ್ಕೆ ನಲವತ್ತು ಸಲ ಹತ್ತಿ ಇಳಿಯಬೇಕು. ಸಂಜೆ ಮನೆಗೆ ಹೋದರೆ ಕುತ್ತಿಗೆ ಆಡುವುದಿಲ್ಲ. ಮಗಳು ಪಕ್ಕದಿಂದ ಕರೆದರೆ ಬಸ್ಸು ತಿರುಗಿದ ಹಾಗೆ ಪೂರ್ತಿ ಮೈ ತಿರುಗಿಸಬೇಕು.

ಒಂದು ಸಲ ಧೈರ್ಯ ಮಾಡಿ ಕಂಟ್ರಾಕ್ಟರನನ್ನು ಕೇಳಿದ್ದೆ. "ಸಾರ್, ನನಗೊಂದು ಹೆಲ್ಮೆಟ್."

"ನಿನಗ್ಯಾಕಮ್ಮಾ? ನಿನ್ನ ತಲೆ ಮೇಲೆ ಹತ್ತು ಹೆಂಚೇ ಇರುತ್ತಲ್ಲ!" ಎಂದು ನಕ್ಕ. ಕಾರಿನ ಕಿಟಕಿ ಏರಿಸಿಕೊಂಡು ಒಳಗೂ ನಕ್ಕ. ಗಾಜಿನ ಆಚೆ ಅವನ ಹಲ್ಲು ಕಾಣಿಸುತ್ತಿತ್ತು.

ಉಳಿದ ಆರು ತಲೆಗಳನ್ನು ಹೇಳಿಬಿಡುತ್ತೇನೆ. ಮೇಸ್ತ್ರಿ ಎಲ್ಲರಿಗಿಂತ ಹಿರಿಯರು, "ನಿಧಾನ, ನಿಧಾನ" ಎನ್ನುತ್ತಲೇ ಎಲ್ಲರಿಗಿಂತ ಬೇಗ ಹತ್ತುವವರು. ಮೊಳೆಯಣ್ಣ ಅಂತ ಒಬ್ಬ. ಬೆಳಗ್ಗೆ ಬಾಯಿಗೆ ಒಂದು ಹಿಡಿ ಮೊಳೆ ಹಾಕಿಕೊಂಡರೆ ಸಂಜೆ ಉಗಿಯುವವನು. ಅವನ ಮಾತನ್ನು ನಾವು ಯಾರೂ ಕೇಳಿಯೇ ಇರಲಿಲ್ಲ. "ಮ್ಮ್" ಅಂದರೆ ಹೌದು, "ಮ್ಮ್ ಮ್ಮ್" ಅಂದರೆ ಬೇಡ. ಮರದ ಕೆಲಸಕ್ಕೆ ಇಬ್ಬರು ಅಣ್ಣತಮ್ಮಂದಿರು, ಇಡೀ ದಿನ ಜಗಳ ಆಡುತ್ತಾ ಒಂದೇ ಗರಗಸ ಹಿಡಿದು ಕೊಯ್ಯುವವರು. ಸಿಮೆಂಟು ಕಲಸಲು ನಮ್ಮತ್ತೆ, ಅಂದರೆ ನನ್ನ ಗಂಡನ ತಾಯಿ. ಕೊನೆಗೆ ನಮ್ಮ ಭಾವ, ನನ್ನ ಅಕ್ಕನ ಗಂಡ. ಹೆಂಚು ಜೋಡಿಸುವುದರಲ್ಲಿ ಅವರ ಕೈ ಬಿಟ್ಟರೆ ಇನ್ನೊಂದಿಲ್ಲ. ತಲೆಯೂ ಹಾಗೇ, ಇನ್ನೊಂದಿಲ್ಲ. ಅಷ್ಟು ದೊಡ್ಡದು. ಮದುವೆಯಲ್ಲಿ ಪೇಟ ಸಾಲದೆ ನಮ್ಮಪ್ಪ ತಮ್ಮ ಪಂಚೆ ಸೇರಿಸಿ ಸುತ್ತಿದ್ದರು. ಹೆಲ್ಮೆಟ್ಟು ಅವರ ತಲೆ ಮೇಲೆ ಪಾತ್ರೆಗೆ ಮುಚ್ಚಳ ಇಟ್ಟ ಹಾಗೆ ಕೂರುತ್ತಿತ್ತು.

ಇನ್ನು ಆ ಹೆಲ್ಮೆಟ್ಟಿನ ಕೆಲಸ.

ಕಾರ್ಮಿಕ ಮಂಡಳಿಯಿಂದ ಒಬ್ಬ ಇನ್ಸ್‌ಪೆಕ್ಟರ್ ಬರುತ್ತಿದ್ದ. ಮಾಡಿನ ಮೇಲೆ ಎಷ್ಟು ಜನ ಇದ್ದಾರೆ, ಎಷ್ಟು ಜನಕ್ಕೆ ಹೆಲ್ಮೆಟ್ ಇದೆ ಎಂದು ಎಣಿಸಿ ಬರೆದುಕೊಳ್ಳುವುದು ಅವನ ಕೆಲಸ. ಮೇಲೆ ಹತ್ತಿ ಎಣಿಸಬೇಕೆಂದು ನಿಯಮ. ಆದರೆ ಅವನಿಗೆ ಎತ್ತರ ಎಂದರೆ ಜೀವ ಹೋಗುತ್ತದೆ. ಕಚೇರಿಯ ಮೊದಲ ಮಹಡಿಯಲ್ಲಿ ಕುರ್ಚಿ ಕೊಟ್ಟರೆಂದು ಬಡ್ತಿಯನ್ನೇ ಬೇಡ ಅಂದವನು. ಅತ್ತೆ ಅವನಿಗೆ ನೆಲದಪ್ಪ ಎಂದು ಹೆಸರಿಟ್ಟಿದ್ದರು.

ನೆಲದಪ್ಪ ಗೇಟಿನ ಹತ್ತಿರ ನಿಂತು ಕತ್ತು ಎತ್ತಿ ಎಣಿಸುತ್ತಿದ್ದ. ನಾವು ಮಾಡಿನ ಹಿಂದಿನ ಇಳಿಜಾರಿನಲ್ಲಿ ಸಾಲಾಗಿ ಕೂರಬೇಕು. ಮೊದಲು ಒಬ್ಬರು ಹೆಲ್ಮೆಟ್ ಹಾಕಿಕೊಂಡು ಮಾಡಿನ ನೆತ್ತಿಯ ಮೇಲೆ ತಲೆ ತೋರಿಸಬೇಕು. ಒಂದು ಹೆಂಚು ತಟ್ಟಿದ ಹಾಗೆ ಮಾಡಬೇಕು. ಬಗ್ಗಬೇಕು, ಬಿಚ್ಚಬೇಕು, ಪಕ್ಕದವರಿಗೆ ಕೊಡಬೇಕು. ಅವರು ನಾಲ್ಕು ಮಾರು ಆಚೆ ಏಳಬೇಕು. ಕೆಳಗಿನಿಂದ ನೋಡಿದವರು ಏಳು ಹಳದಿ ತಲೆಗಳು ಓಡಾಡಿಕೊಂಡು ದುಡಿಯುತ್ತಿವೆ ಎನ್ನಬೇಕು. ಇದನ್ನು ಕಂಟ್ರಾಕ್ಟರನೇ ನಮಗೆ ಕಲಿಸಿದ್ದು. ಖಾಲಿ ಸೈಟಿನಲ್ಲಿ ಒಂದು ಗೋಡೆಯ ಹಿಂದೆ ಕೂರಿಸಿ, ಗಡಿಯಾರ ಹಿಡಿದುಕೊಂಡು, ಎರಡು ದಿನ ತಾಲೀಮು ಮಾಡಿಸಿದ್ದ. ಹೆಂಚು ಹೊದಿಸುವುದನ್ನು ಒಂದು ದಿನವೂ ಕಲಿಸಿದವನಲ್ಲ.

ನಾಚಿಕೆಯಾಗುತ್ತಿತ್ತು, ನಿಜ. ಆದರೆ ನಗುವೂ ಬರುತ್ತಿತ್ತು. ನಾವು ಅದರಲ್ಲಿ ಪಳಗಿಬಿಟ್ಟಿದ್ದೆವು. ಒಬ್ಬರ ಬೆವರು ಆರುವ ಮೊದಲೇ ಇನ್ನೊಬ್ಬರ ತಲೆಗೆ. ಅಣ್ಣತಮ್ಮಂದಿರು ಅಲ್ಲೂ ಜಗಳ. "ಹೇನು ಬಿಟ್ಟಿದ್ದೀಯಲ್ಲೋ ಇದರೊಳಗೆ!" "ನಿನ್ನದೇ ಕಣೋ, ಮನೆಗೆ ವಾಪಸ್ ಕಳಿಸಿದ್ದೀನಿ!"

ಆ ದಿನ ಬಟ್ಟೆ ಅಂಗಡಿಯವರೊಬ್ಬರ ಮನೆಯ ಮಾಡು. ನೆಲದಪ್ಪ ಬಂದ. ಮೇಸ್ತ್ರಿ, ಮೊಳೆಯಣ್ಣ, ಅಣ್ಣ, ತಮ್ಮ, ನಾನು, ಅತ್ತೆ, ಭಾವ. ಏಳು ಆಯಿತು. ಭಾವ ಹೆಲ್ಮೆಟ್ ತೆಗೆದು ಪಕ್ಕಕ್ಕೆ ಇಡುವಷ್ಟರಲ್ಲಿ ಅತ್ತೆ ಕೈ ನೀಡಿದರು.

"ಇಲ್ಲಿ ಕೊಡಪ್ಪ. ಆಗ ನನ್ನ ಮುಖ ಆಕಡೆ ಇತ್ತು. ಸರಿಯಾಗಿ ಕಾಣಿಸ್ಲಿಲ್ಲ."

"ಅಮ್ಮಾ, ಅವ್ರೇನು ಫೋಟೋ ತೆಗೀತಿದ್ದಾರಾ?"

"ಕೊಡು ಅಂದ್ನಲ್ಲ."

ಭಾವ ಕೊಟ್ಟರು. ಅತ್ತೆ ಎರಡನೇ ಸಲ ಎದ್ದು, ಈಕಡೆ ಮುಖ ಮಾಡಿ, ಗಂಭೀರವಾಗಿ ಒಂದು ಹೆಂಚು ತಟ್ಟಿದರು. ನೆಲದಪ್ಪ ಎಂಟು ಎಂದು ಬರೆದುಕೊಂಡ. ಬರೆದು ಪೆನ್ನಿಗೆ ಕ್ಯಾಪ್ ಹಾಕಿದ. ಆಕಾಶ ಹಸಿರಾಗಿದ್ದನ್ನು ನಾವು ಯಾರೂ ನೋಡಿರಲಿಲ್ಲ.

ಮೊದಲ ಕಲ್ಲು ಅವನ ಸ್ಕೂಟರಿನ ಸೀಟಿಗೆ ಬಿತ್ತು. ಎರಡನೆಯದು ಎಲ್ಲಿ ಬಿತ್ತೋ. ಮೂರನೆಯದು ಭಾವನ ತಲೆಗೆ.

ನಿಂಬೆಹಣ್ಣಿನಷ್ಟು ಕಲ್ಲು. ಅಷ್ಟು ದೊಡ್ಡ ತಲೆ, ತಪ್ಪುವುದೆಲ್ಲಿ? ಭಾವ ಕೂಗಲಿಲ್ಲ. ಕೈಯಲ್ಲಿದ್ದ ಹೆಂಚನ್ನು ಮೆಲ್ಲಗೆ ಕೆಳಗಿಟ್ಟರು, ಒಡೆಯದ ಹಾಗೆ. ಆಮೇಲೆ ಮಲಗಿದರು. ಮೇಸ್ತ್ರಿ ಅವರ ಕಾಲು ಹಿಡಿದುಕೊಳ್ಳದಿದ್ದರೆ ಜಾರಿ ಅಂಗಳಕ್ಕೇ ಹೋಗುತ್ತಿದ್ದರು. ನಾವೆಲ್ಲ ತಗಡು ಎಳೆದುಕೊಂಡು ಅವರ ಮೇಲೆ ಬಿದ್ದೆವು. ತಗಡಿನ ಮೇಲೆ ಹತ್ತು ನಿಮಿಷ ಡಬಡಬ. ಅತ್ತೆ ಮಾತ್ರ ಹೆಲ್ಮೆಟ್ ಹಾಕಿಕೊಂಡು ಅದರೊಳಗೆ ಅಳುತ್ತಿದ್ದರು.

ಕೆಳಗೆ ಇಳಿಸಿದೆವು. ಮನೆಯೊಡತಿ ಬಾಗಿಲಿಗೆ ಅಡ್ಡ ನಿಂತಳು. ಒಳಗೆ ರತ್ನಗಂಬಳಿ ಹೊಸದಂತೆ. ಜಗುಲಿಯ ಮೇಲೆ ಮಲಗಿಸಿ ಎಂದಳು. ಒಳಗೆ ಹೋಗಿ ಒಂದು ಪತ್ರಿಕೆ ತಂದಳು. ಗಾಳಿ ಬೀಸಲಿಕ್ಕೆ ಎಂದುಕೊಂಡೆ. ಅಲ್ಲ.

"ಇದನ್ನ ತಲೆ ಕೆಳಗೆ ಹಾಸಿ. ರಕ್ತದ ಕಲೆ ಕಲ್ಲಿಗೆ ಇಳಿದ್ರೆ ಹೋಗಲ್ಲ," ಎಂದಳು.

ಅವಳ ತಲೆಯ ಮೇಲಿದ್ದ ಮಾಡು ಭಾವ ಹೊದಿಸಿದ್ದು. ಹಾಸಿದೆ. ನನ್ನ ಕೈಯಿಂದಲೇ ಹಾಸಿದೆ. ಅದು ಇವತ್ತಿಗೂ ಕೈಯಲ್ಲಿ ಉರಿಯುತ್ತದೆ.

ಆಸ್ಪತ್ರೆಯಲ್ಲಿ ಒಂಬತ್ತು ಹೊಲಿಗೆ ಹಾಕಿದರು. ತಲೆಯೊಳಗೆ ಏಟು ಇಳಿದಿದೆ, ಮೂರು ತಿಂಗಳು ಏಣಿ ಹತ್ತಬಾರದು, ಔಷಧಿ ತಪ್ಪಬಾರದು ಎಂದರು. ಮನೆಗೆ ಬಂದ ಮೇಲೆ ಹೊಸದೊಂದು ಶುರುವಾಯಿತು. ಭಾವ ಇದ್ದಕ್ಕಿದ್ದ ಹಾಗೆ ಕಿವಿ ನಿಮಿರಿಸಿ, "ಯಾರೋ ಬೆಲ್ ಮಾಡ್ತಿದ್ದಾರೆ, ಬಾಗ್ಲು ತೆಗಿಯೇ," ಎನ್ನುತ್ತಿದ್ದರು. ಅಕ್ಕನ ಮನೆಗೆ ಬೆಲ್ಲೇ ಇಲ್ಲ. ಬಾಗಿಲೂ ಅಷ್ಟಕ್ಕಷ್ಟೆ.

"ಬೆಲ್ ಇರೋದು ನಿಮ್ಮ ತಲೇಲಿ ರೀ," ಎನ್ನುತ್ತಿದ್ದಳು ಅಕ್ಕ. ಆದರೂ ದಿನಕ್ಕೆ ಹತ್ತು ಸಲ ಎದ್ದು ಹೋಗಿ ಬಾಗಿಲು ತೆಗೆದು, "ಹೋದ್ರು ನೋಡಿ," ಎಂದು ಬಂದು ಕೂರುತ್ತಿದ್ದಳು. ತೆಗೆಯದಿದ್ದರೆ ಅವರಿಗೆ ಸಮಾಧಾನವಿಲ್ಲ.

ಕೆಲಸದಲ್ಲಿ ಏಟು ಬಿದ್ದವರಿಗೆ ವಾಸಿಯಾಗುವವರೆಗೆ ಔಷಧಿ ಮತ್ತು ಕೂಲಿ ಕೊಡಬೇಕು, ಕೆಲಸ ಉಳಿಸಬೇಕು ಎಂದು ಮಂಡಳಿಯ ನಿಯಮ ಇದೆ. ಅಕ್ಕ, ನಾನು, ಭಾವ ಮೂವರೂ ಹೋದೆವು. ಗುಮಾಸ್ತ ಫೈಲು ತೆಗೆದ. ಕೆಟ್ಟವನಲ್ಲ. ಕುಳಿತುಕೊಳ್ಳಿ ಎಂದ. ಒಂದೇ ಕುರ್ಚಿ ಇತ್ತು, ಅದರಲ್ಲಿ ಅವನೇ ಕುಳಿತಿದ್ದ.

"ಹೆಲ್ಮೆಟ್ ಹಾಕಿದ್ರು ಅಂತ ಇದೆಯಲ್ಲಮ್ಮ ಇದ್ರಲ್ಲಿ."

"ಹಾಕಿರ್ಲಿಲ್ಲ ಸಾರ್. ಅದಕ್ಕೇ ಏಟು ಬಿತ್ತು," ಎಂದೆ.

"ಹೆಲ್ಮೆಟ್ ಇರೋ ತಲೆಗೆ ಕಲ್ಲು ಬಿದ್ರೆ ಗಾಯ ಆಗಲ್ಲ. ಆದ್ದರಿಂದ ಗಾಯ ಆಗಿಲ್ಲ."

"ಆಗಿದೆಯಲ್ಲ ಸಾರ್, ನೋಡಿ!" ಅಕ್ಕ ಭಾವನ ತಲೆ ಹಿಡಿದು ಗುಮಾಸ್ತನ ಮೇಜಿನ ಮೇಲೆ ಬಗ್ಗಿಸಿದಳು. ಅವನ ಟೀ ಲೋಟ ಉರುಳಿತು.

"ಅದು ಬೇರೆ ಎಲ್ಲೋ ಆಗಿರ್ಬೇಕು. ಮನೇಲಿ, ಬಾಗಿಲಿಗೆ ಗೀಗಿಲಿಗೆ."

"ಇದ್ದದ್ದೇ ಒಂದು ಹೆಲ್ಮೆಟ್ ಸಾರ್."

"ಎಂಟು ಅಂತ ಬರೆದಿದೆ."

"ನಾವಿರೋದೇ ಏಳು ಜನ!"

ಗುಮಾಸ್ತ ಕನ್ನಡಕದ ಮೇಲಿನಿಂದ ನೋಡಿದ. "ಹಾಗಾದ್ರೆ ಒಂದು ಹೆಚ್ಚಿಗೇನೇ ಇತ್ತಲ್ಲಮ್ಮ!"

 ಭಾವ ತಲೆ ಎತ್ತಿ, "ಬೆಲ್ ಆಯ್ತು," ಎಂದರು.

ಕೊನೆಗೆ ಅವನಿಗೇ ಪಾಪ ಅನ್ನಿಸಿತೇನೋ, ಒಂದು ಫಾರಂ ಕೊಟ್ಟ. ಕಣ್ಣಾರೆ ಕಂಡವರ ಹೇಳಿಕೆಗೆ. "ನಿಮ್ಮ ಏಳು ಜನರ ಸಹಿ ನಡಿಯಲ್ಲ. ನೀವು ನೀವೇ, ನೆಂಟರು ಬೇರೆ. ಆ ಎಂಟನೆಯವರು ಇದ್ದಾರಲ್ಲ, ಅವ್ರ ಸಹಿ ತನ್ನಿ. ಇವತ್ತೇ ಕೊಡ್ತೀನಿ ಆರ್ಡರು."

"ಎಂಟನೆಯವರು ಯಾರೂ ಇಲ್ಲ ಸಾರ್."

"ಇದ್ದಾರೆ. ಇಲ್ಲಿ ಬರೆದಿದೆ."

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆವು. ಇಲ್ಲದ ಮನುಷ್ಯನನ್ನು ಎಲ್ಲಿಂದ ಹುಡುಕಿ ತರುವುದು? ಇದ್ದ ಮನುಷ್ಯನ ತಲೆಯಲ್ಲಿ ಒಂಬತ್ತು ಹೊಲಿಗೆ, ಅದು ಯಾರ ಕಣ್ಣಿಗೂ ಬೀಳುತ್ತಿಲ್ಲ. ನಾನು ಫಾರಂ ತುಂಬಿದೆ, ನನಗೆ ಬಂದ ಹಾಗೆ: "ಕಲ್ಲು ಬಿದ್ದಾಗ ಗಾಯಗೊಂಡವರ ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. ಇದ್ದದ್ದೇ ಒಂದು. ಅದು ನಮ್ಮತ್ತೆಯ ತಲೆಯ ಮೇಲಿತ್ತು. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ." ಸಹಿಯ ಜಾಗ ಖಾಲಿ ಬಿಟ್ಟು, ಮಡಚಿ, ಸೊಂಟಕ್ಕೆ ಸಿಕ್ಕಿಸಿಕೊಂಡೆ. ಬೆವರಿಗೆ ಒದ್ದೆಯಾಗುತ್ತಿತ್ತು, ಬಿಸಿಲಿಗೆ ಒಣಗುತ್ತಿತ್ತು.

ಇಷ್ಟಾದ ಮೇಲೆ ಕಂಟ್ರಾಕ್ಟರನಿಗೆ ಪ್ರಶಸ್ತಿ ಬಂತು.

ಸುಳ್ಳಲ್ಲ. ಇಡೀ ನಗರದಲ್ಲಿ ಕೆಲಸಗಾರರಿಗೆ ಅತಿ ಹೆಚ್ಚು ಹೆಲ್ಮೆಟ್ ಕೊಟ್ಟವನು ಅವನಂತೆ. ಬೇರೆಯವರದೆಲ್ಲ ನೂರಕ್ಕೆ ಅರವತ್ತು, ಎಪ್ಪತ್ತು. ಇವನದು ಏಳು ಜನರಿಗೆ ಎಂಟು. ನೂರಕ್ಕೆ ನೂರಹದಿನಾಲ್ಕು! ಮಂಡಳಿಯ ಅಧ್ಯಕ್ಷೆಯೇ ಬಂದು, ಕೆಲಸದ ಜಾಗದಲ್ಲೇ, ಎಲ್ಲರ ಎದುರಿಗೆ ಶಾಲು ಹೊದಿಸುವುದೆಂದು ತೀರ್ಮಾನವಾಯಿತು.

ಹಿಂದಿನ ದಿನ ಅವನು ಬಂದು ಹೇಳಿದ. "ನಿಮ್ಮ ಭಾವ ಇಲ್ಲ, ಆರು ಜನ ಆದ್ರಿ. ಪರವಾಗಿಲ್ಲ. ಅಜ್ಜಿ ಎರಡು ಸಲ ಏಳ್ಲಿ. ಅವ್ರಿಗೆ ಅಭ್ಯಾಸ ಇದೆ."

ಅತ್ತೆ ಸಿಮೆಂಟು ಕಲಸುತ್ತಿದ್ದರು. ಸಲಿಕೆ ನಿಂತಿತು. ಕಂಟ್ರಾಕ್ಟರ್ ಕಾರು ಹತ್ತುವವರೆಗೂ ನಿಂತೇ ಇತ್ತು.

ಮರುದಿನ ರಸ್ತೆಯಲ್ಲಿ ಶಾಮಿಯಾನ, ಕುರ್ಚಿ, ಊಟದ ಮೇಜು, ಮೈಕು. ಅಕ್ಕ ಭಾವನನ್ನು ಕರೆದುಕೊಂಡು ಬಂದು ಕೊನೆಯ ಸಾಲಿನಲ್ಲಿ ಕೂರಿಸಿದ್ದಳು. ಅಧ್ಯಕ್ಷೆ ದಪ್ಪ ಕನ್ನಡಕದ ಹೆಂಗಸು, ಸುಮ್ಮನೆ ಕೂತು ಎಲ್ಲ ನೋಡುತ್ತಿದ್ದರು. ಪತ್ರಿಕೆಯ ಫೋಟೋದವನು, ಕಂಟ್ರಾಕ್ಟರ್ ಮಾಡಿನ ಮೇಲೆ ಕೆಲಸಗಾರರ ಜೊತೆ ನಿಂತರೆ ಚೆನ್ನ ಎಂದ. ಕಂಟ್ರಾಕ್ಟರ್ ಹತ್ತು ವರ್ಷದಲ್ಲಿ ಮೊದಲ ಸಲ ಏಣಿ ಹತ್ತಿದ. ಇಸ್ತ್ರಿ ಶರ್ಟು, ಎಣ್ಣೆ ಹಾಕಿ ಬಾಚಿದ ತಲೆ. ಮೇಸ್ತ್ರಿ ಕೆಳಗಿನಿಂದ ತಳ್ಳಿದರು, ನಾನು ಮೇಲಿನಿಂದ ಎಳೆದೆ. ಮುಂದಿನ ಇಳಿಜಾರಿನಲ್ಲಿ ನಾಲ್ಕು ಕಾಲಲ್ಲಿ ನಿಂತು, ಕ್ಯಾಮೆರಾಗೆ ನಕ್ಕ.

"ಶುರು ಮಾಡ್ರಿ," ಎಂದು ಹಲ್ಲು ಬಿಡದೆ ಹೇಳಿದ.

ಕೆಳಗೆ ನೆಲದಪ್ಪ ಪುಸ್ತಕ ತೆರೆದ. ಮೊಳೆಯಣ್ಣ ಎದ್ದ, ತಟ್ಟಿದ, ಬಗ್ಗಿದ. ಒಂದು. ಅಣ್ಣ. ಎರಡು. ತಮ್ಮ. ಮೂರು. ಮೇಸ್ತ್ರಿ. ನಾಲ್ಕು. ನಾನು. ಐದು. ಅತ್ತೆಯ ಕೈಗೆ ಹೆಲ್ಮೆಟ್ ಕೊಟ್ಟೆ. ಅತ್ತೆ ಹಾಕಿಕೊಂಡರು. ಎದ್ದರು. ಆರು.

ಬಗ್ಗಲಿಲ್ಲ.

"ಅಜ್ಜೀ, ಬಗ್ಗು," ಎಂದ ಕಂಟ್ರಾಕ್ಟರ್, ಕ್ಯಾಮೆರಾ ಕಡೆಯೇ ನಗುತ್ತಾ.

"ಬಗ್ಗಲ್ಲ."

"ಅಜ್ಜೀ!"

"ಸೊಂಟ ಹಿಡ್ಕೊಂಡಿದೆ. ಮೂವತ್ತು ವರ್ಷದಿಂದ ಬಗ್ಗಿ ಬಗ್ಗಿ." ಅತ್ತೆ ಮಾಡಿನ ನೆತ್ತಿಯನ್ನು ಕುದುರೆಯ ಹಾಗೆ ಏರಿ ಕೂತರು, ಈಚೆ ಒಂದು ಕಾಲು, ಆಚೆ ಒಂದು ಕಾಲು. ರಸ್ತೆಗೆಲ್ಲ ಕೇಳುವ ಹಾಗೆ ಕೂಗಿದರು. "ಆ ದಿನ ಇದು ನನ್ನ ತಲೆ ಮೇಲಿತ್ತು! ಅವನ ತಲೆಯಿಂದ ಇಸ್ಕೊಂಡು ನಾನು ಹಾಕ್ಕೊಂಡೆ. ಇವ್ನು ಹೇಳ್ಕೊಟ್ಟ ಆಟ ಆಡೋದಕ್ಕೆ! ಇನ್ನು ಆಡಲ್ಲ. ಬಚ್ಚಿಟ್ಕೊಂಡು ಆಡಲ್ಲ!"

ಹೆಲ್ಮೆಟ್ ತೆಗೆದರು. ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದರು. ನನಗೆ ಕೊಟ್ಟರು.

 ನಾನು ಎದ್ದೆ. ನೆತ್ತಿಯ ಮೇಲೆ ಅತ್ತೆಯ ಪಕ್ಕ ಕೂತೆ. ಹಾಕಿಕೊಂಡೆ, ತೆಗೆದೆ, ಪಕ್ಕಕ್ಕೆ ಕೊಟ್ಟೆ. ಮೇಸ್ತ್ರಿ ಬಂದು ಕೂತರು. ಅಣ್ಣತಮ್ಮಂದಿರು ಯಾರು ಮೊದಲು ಎಂದು ತಳ್ಳಾಡಿಕೊಂಡು ಬಂದರು. ಮೊಳೆಯಣ್ಣ ಬಂದ. ಆರು ಜನ ನೆತ್ತಿಯ ಮೇಲೆ ಕಾಗೆಗಳ ಹಾಗೆ ಸಾಲಾಗಿ ಕೂತೆವು. ಹೆಲ್ಮೆಟ್ ಹಾಕುವುದು, ತೆಗೆಯುವುದು, ಕೊಡುವುದು. ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ. ಹಿಂದೆ ಬಚ್ಚಿಟ್ಟುಕೊಂಡು ಮಾಡುತ್ತಿದ್ದದ್ದನ್ನು ಎದುರಿಗೇ ಮಾಡಿದೆವು. ಅಷ್ಟೇ ವೇಗ, ಅಷ್ಟೇ ಅಚ್ಚುಕಟ್ಟು.

ನೆಲದಪ್ಪ ಪಾಪ, ಅಭ್ಯಾಸಬಲ, ಎಣಿಸುತ್ತಲೇ ಇದ್ದ. ಮೈಕು ಪಕ್ಕದಲ್ಲೇ ಇತ್ತು. "ಹನ್ನೆರಡು... ಹದಿಮೂರು... ಹದಿನಾಲ್ಕು..." ಎಂದು ಇಡೀ ಬೀದಿಗೆ ಕೇಳಿಸಿತು. ಹತ್ತೊಂಬತ್ತಕ್ಕೆ ಬಂದಾಗ ಅಧ್ಯಕ್ಷೆ ಅವನ ಕೈಯಿಂದ ಪೆನ್ನು ಕಿತ್ತುಕೊಂಡರು.

ಆಗ ಮೊಳೆಯಣ್ಣ ಬಾಯಿಂದ ಮೊಳೆಗಳನ್ನು ಅಂಗೈಗೆ ಉಗಿದ. ಒಂದೊಂದಾಗಿ ಜೇಬಿಗೆ ಹಾಕಿಕೊಂಡ. ನಾವೆಲ್ಲ ಅವನನ್ನೇ ನೋಡಿದೆವು. "ನಮಗೂ ತಲೆ ಇದೆ," ಎಂದ. ಹೆಣ್ಣುಮಕ್ಕಳ ಹಾಗೆ ಸಣ್ಣ ದನಿ. ಅಷ್ಟೇ ಅಂದದ್ದು. ಮೇಸ್ತ್ರಿಯ ಕಣ್ಣಲ್ಲಿ ನೀರು ಬಂತು.

"ಎಲ್ಲರನ್ನೂ ಮನೆಗೆ ಕಳಿಸ್ತೀನಿ ಕಣ್ರೋ!" ಎಂದು ಕಂಟ್ರಾಕ್ಟರ್ ಕೂಗಿದ. ಹೇಳಿ ಮೇಲೆ ನೋಡಿದ. ನಾವೂ ನೋಡಿದೆವು. ಹಳೇ ತಾಮ್ರ.

ನಮಗೆ ಗೊತ್ತು ಏನು ಮಾಡಬೇಕೆಂದು. ಎರಡು ಉಸಿರಿನೊಳಗೆ ಅಣ್ಣತಮ್ಮಂದಿರು ತಗಡು ಎಳೆದರು, ಎಲ್ಲರೂ ಅದರ ಕೆಳಗೆ ನುಗ್ಗಿದೆವು. ಕಂಟ್ರಾಕ್ಟರ್ ಏಣಿಯ ಕಡೆ ಹೊರಟ, ಕೆಳಗೆ ನೋಡಿದ, ಕಣ್ಣು ಮುಚ್ಚಿಕೊಂಡು ಹೆಂಚಿಗೆ ಹಲ್ಲಿಯ ಹಾಗೆ ಅಂಟಿಕೊಂಡ. ಕಲ್ಲು ಶುರುವಾಯಿತು. ಶಾಮಿಯಾನದ ಬಟ್ಟೆ ತೂತಾಯಿತು. ಅಧ್ಯಕ್ಷೆ, ಫೋಟೋದವನು, ಅಕ್ಕ, ಭಾವ, ನೆಲದಪ್ಪ ಎಲ್ಲರೂ ಊಟದ ಮೇಜಿನ ಕೆಳಗೆ. ಹೆಲ್ಮೆಟ್ ಕೊನೆಗೆ ನನ್ನ ಕೈಯಲ್ಲಿ ಉಳಿದಿತ್ತು.

"ಹೆಲ್ಮೆಟ್ ಕೊಡೇ! ಅಮ್ಮಾ! ತಾಯೀ! ಹೆಲ್ಮೆಟ್!" ಕಂಟ್ರಾಕ್ಟರನ ಕೂಗು.

ಹೇಳುತ್ತೇನೆ, ಮುಚ್ಚಿಡುವುದಿಲ್ಲ. ಕೊಡಬಾರದು ಅನ್ನಿಸಿತು. ಅಂಗೈಯಲ್ಲಿ ಆ ಪತ್ರಿಕೆ ಉರಿಯಿತು. ಅಷ್ಟರಲ್ಲಿ ಅತ್ತೆ ನನ್ನ ಕೈಯಿಂದ ಅದನ್ನು ಕಿತ್ತುಕೊಂಡು, ತಗಡಿನ ಒಂದು ಮೂಲೆಯನ್ನು ತಲೆ ಮೇಲೆ ಎಳೆದುಕೊಂಡೇ ತೆವಳಿಕೊಂಡು ಹೋದರು. ಎಣ್ಣೆ ತಲೆಯ ಮೇಲೆ ಹೆಲ್ಮೆಟ್ ಒತ್ತಿ ಕೂರಿಸಿದರು. "ಸುಮ್ನೆ ಇರು ಮಗನೇ. ಬಾಯಿ ಮುಚ್ಕೊ, ಹಲ್ಲು ಮುರಿಯುತ್ತೆ," ಎಂದು ಅವನ ಕಾಲರು ಹಿಡಿದು ತಗಡಿನ ಕೆಳಗೆ ಎಳೆದುಕೊಂಡರು.

ಹತ್ತು ನಿಮಿಷ. ನಿಂತಿತು. ರಸ್ತೆ ಪೂರ್ತಿ ಬೆಳ್ಳಗೆ. ಒಬ್ಬೊಬ್ಬರೇ ಮೇಜಿನ ಕೆಳಗಿನಿಂದ ಈಚೆ ಬಂದರು. ಅಧ್ಯಕ್ಷೆ ಕನ್ನಡಕ ಒರೆಸಿಕೊಂಡು, ನೆಲದಪ್ಪನ ಪುಸ್ತಕ ಎತ್ತಿ, ಮೇಲೆ ನೋಡಿ ಕೇಳಿದರು.

"ಕಂಟ್ರಾಕ್ಟರ್ ಅವರೇ, ನಿಮ್ಮಲ್ಲಿ ಇರೋದು ಏಳು ಜನ. ಇಲ್ಲಿ ಎಂಟು ಅಂತ ಇದೆ. ಎಂಟನೆಯವರು ಯಾರು? ಇದು ಸುಳ್ಳು ಫೈಲಾ?"

ಅವನು ಹೆಲ್ಮೆಟ್ಟಿನ ಕೆಳಗಿನಿಂದ ಕಣ್ಣು ಪಿಳಿಪಿಳಿ ಬಿಟ್ಟ. ತಲೆ ಮುಟ್ಟಿಕೊಂಡ. ಏನೋ ಹೊಳೆಯಿತು.

"ಸುಳ್ಳಲ್ಲ ಮೇಡಂ! ಎಂಟನೆಯವನು ನಾನೇ. ನಾನೂ ಇವ್ರ ಜೊತೆ ಮೇಲೆ ಹತ್ತಿ ದುಡೀತೀನಿ. ನೋಡಿ, ಈಗ್ಲೂ ಇಲ್ಲೇ ಇದ್ದೀನಲ್ಲ!"

 ನಾನು ಸೊಂಟದಿಂದ ಕಾಗದ ತೆಗೆದೆ. ಮಡಿಕೆ ಮಡಿಕೆಯಾಗಿ ಬಿಡಿಸಿದೆ.

"ಹಾಗಾದ್ರೆ ಆ ದಿನವೂ ಮೇಲಿದ್ರಿ ಅಲ್ವಾ ಸಾರ್?"

"ಇದ್ದೆ, ಇದ್ದೆ."

"ಭಾವನ ತಲೆಗೆ ಕಲ್ಲು ಬಿದ್ದದ್ದನ್ನ ನೋಡಿದ್ರಿ."

ಅವನು ನನ್ನನ್ನು ನೋಡಿದ. ಅಧ್ಯಕ್ಷೆಯನ್ನು ನೋಡಿದ. ಇಲ್ಲ ಎಂದರೆ ಅವನು ಮೇಲಿರಲಿಲ್ಲ, ಎಂಟು ಸುಳ್ಳು. ಹೌದು ಎಂದರೆ ಸಹಿ. ಏಣಿಯ ಕಡೆ ನೋಡಿದ. ಅದರ ಹತ್ತಿರ ಮೇಸ್ತ್ರಿ ಕೈಕಟ್ಟಿ ನಿಂತಿದ್ದರು. "ನಿಧಾನ ಸಾರ್, ನಿಧಾನ," ಎಂದರು.

"ಅವ್ರು ಕೇಳ್ತಿದ್ದಾರೆ. ಉತ್ತರ ಕೊಡಿ," ಎಂದರು ಅಧ್ಯಕ್ಷೆ.

"...ನೋಡಿದೆ."

ನೆಲದಪ್ಪನ ಪೆನ್ನು ಕೆಳಗಿನಿಂದ ಮೇಲೆ ಬಂತು. ಕೊಡುವುದಕ್ಕೆ ನೆಲದಪ್ಪನೇ ಏಣಿಯ ಎರಡು ಮೆಟ್ಟಿಲು ಹತ್ತಿದ್ದ. ಮೂರನೆಯದಕ್ಕೆ ಕಣ್ಣು ಮುಚ್ಚಿಕೊಂಡ. ಕಂಟ್ರಾಕ್ಟರ್ ಓದದೆ ಸಹಿ ಹಾಕಿದ. ಆಮೇಲೆ ಓದಿದ. ಇದ್ದದ್ದೇ ಒಂದು ಹೆಲ್ಮೆಟ್ ಎಂದು ಅವನ ಕೈಯಿಂದಲೇ ಆಯಿತು. ಶಾಲು ಶಾಮಿಯಾನದಲ್ಲೇ ಉಳಿಯಿತು.

ಗುಮಾಸ್ತ ಮಾತು ಉಳಿಸಿಕೊಂಡ. ಭಾವನಿಗೆ ಔಷಧಿ, ಕೂಲಿ, ಕೆಲಸ ಮೂರೂ ಬರೆದುಕೊಟ್ಟ. ಒಂದೇ ಒಂದು ತೊಡಕಾಯಿತು. "ನಮ್ಮತ್ತೆಯ ತಲೆಯ ಮೇಲಿತ್ತು" ಎಂಬುದಕ್ಕೆ ಸಹಿ ಹಾಕಿದವನು ಕಂಟ್ರಾಕ್ಟರ್. ಹಾಗಾಗಿ ಮಂಡಳಿಯ ಫೈಲಿನಲ್ಲಿ ನಮ್ಮತ್ತೆ ಇವತ್ತಿಗೂ ಅವನ ಅತ್ತೆ. ಅಂದಿನಿಂದ ಅವನ ಕಾರು ಬಂದರೆ ಸಾಕು, ಅತ್ತೆ ಸೆರಗು ಸರಿಮಾಡಿಕೊಂಡು, "ಬನ್ನಿ ಅಳಿಯಂದಿರೇ," ಎನ್ನುತ್ತಾರೆ.

ಮುಂದಿನ ವಾರ ಮಂಡಳಿಯ ಆಜ್ಞೆಯಂತೆ ಏಳು ಹೆಲ್ಮೆಟ್ ಬಂದವು. ಹೊಸ ವಾಸನೆ. ನಮ್ಮ ನಮ್ಮದು ಎಂದು ಸುಣ್ಣದಲ್ಲಿ ಗುರುತು ಹಾಕಿಕೊಂಡೆವು. ಮೂರು ತಿಂಗಳು ಕಳೆದು, ವೈದ್ಯರು ಹೂಂ ಎಂದ ಮೇಲೆ, ಭಾವ ಬಂದರು. ಅವರದನ್ನು ಅತ್ತೆ ಸೆರಗಿನಿಂದ ಒರೆಸಿ ಎರಡು ಕೈಯಲ್ಲಿ ಕೊಟ್ಟರು. ಭಾವ ಹಾಕಿಕೊಂಡರು.

ಮುಚ್ಚಳ.

ಗಾಯದ ಗುರುತು ಪೂರ್ತಿ ಹೊರಗೆ.

"ಆರು ಸರಿ ಆಯ್ತಲ್ಲ, ಇನ್ನೇನು? ಎಲ್ಲಾ ಒಂದೇ ಅಳತೆ ಬರೋದು. ಅವ್ನು ಹಾಗೇ ಹತ್ಲಿ," ಎಂದ ಕಂಟ್ರಾಕ್ಟರ್. "ಇಲ್ಲಾಂದ್ರೆ ಮನೆಗೆ ಹೋಗ್ಲಿ. ತಲೆ ದೊಡ್ಡದಿದ್ರೆ ನಾನೇನ್ ಮಾಡ್ಲಿ?"

ಮೇಸ್ತ್ರಿ ಏಣಿಯ ಮೇಲೆ ಒಂದು ಕಾಲು ಇಟ್ಟಿದ್ದರು. ತೆಗೆದರು. ತಮ್ಮ ಹೆಲ್ಮೆಟ್ ಬಿಚ್ಚಿ ನೆಲದ ಮೇಲೆ ಕವುಚಿಟ್ಟು, ಅದರ ಮೇಲೆ ಕೂತರು. ಮೊಳೆಯಣ್ಣ ಕೂತ. ಅಣ್ಣತಮ್ಮಂದಿರು ಜಗಳವಿಲ್ಲದೆ ಕೂತರು. ನಾನು, ಅತ್ತೆ. ಭಾವ ಕೂರಲು ಹೋದರು, ಅವರದು ಚಿಕ್ಕದು, ಉರುಳಿತು. ನಿಂತೇ ಇದ್ದರು.

ಮೂರು ದಿನ ಹಾಗೇ. ಊರ ತುಂಬ ಅರ್ಧ ಬಿಚ್ಚಿದ ಮಾಡುಗಳು. ಆಲಿಕಲ್ಲಿಗೆ ಮತ್ತೆ ಒಡೆದ ಆ ಜಗುಲಿಯ ಮನೆಯ ಮಾಡೂ ಅವುಗಳಲ್ಲೊಂದು. ಮನೆಯೊಡತಿ ರತ್ನಗಂಬಳಿ ಸುತ್ತಿ ಅಟ್ಟಕ್ಕೆ ಏರಿಸಿದಳಂತೆ. ಅಟ್ಟದ ಮೇಲೂ ಮಾಡು ಇಲ್ಲ ಎಂದು ಆಮೇಲೆ ನೆನಪಾಯಿತಂತೆ. ದಿನಕ್ಕೆ ಇಪ್ಪತ್ತು ಸಲ ಕಂಟ್ರಾಕ್ಟರನಿಗೆ ಫೋನು ಮಾಡಿದಳಂತೆ.

ಮೂರನೇ ದಿನ ಮಧ್ಯಾಹ್ನ ನಾವೆಲ್ಲ ಅಕ್ಕನ ಮನೆಯಲ್ಲಿ ಟೀ ಕುಡಿಯುತ್ತಾ ಕೂತಿದ್ದೆವು. ಕಿಟಕಿಯಲ್ಲಿ ಆಕಾಶ ಸಣ್ಣಗೆ ಹಸಿರಾಗುತ್ತಿತ್ತು. ಭಾವ ಕಿವಿ ನಿಮಿರಿಸಿದರು.

"ಬೆಲ್ ಆಯ್ತು. ಬಾಗ್ಲು ತೆಗಿಯೇ."

"ಬೆಲ್ ಇರೋದು ನಿಮ್ಮ ತಲೇಲಿ ರೀ," ಎನ್ನುತ್ತಾ ಅಕ್ಕ ಎಂದಿನಂತೆ ಎದ್ದು ಹೋಗಿ ಬಾಗಿಲು ತೆಗೆದಳು. "ಹೋದ್ರು ನೋಡಿ" ಎನ್ನಲು ಬಾಯಿ ತೆರೆದವಳು ಹಾಗೇ ನಿಂತಳು.

ಕಂಟ್ರಾಕ್ಟರ್ ನಿಂತಿದ್ದ. ಬಾಗಿಲು ತಟ್ಟಲು ಎತ್ತಿದ ಕೈ ಎತ್ತಿದ ಹಾಗೇ ಇತ್ತು. ಇನ್ನೊಂದು ಕೈಯಲ್ಲಿ ದರ್ಜಿಯ ಅಳತೆಪಟ್ಟಿ.

 ಅವನು ಚಪ್ಪಲಿ ಬಿಟ್ಟು ಒಳಗೆ ಬಂದ. ಭಾವನ ಹಿಂದೆ ನಿಂತ. ಪಟ್ಟಿ ಬಿಚ್ಚಿದ. ಎರಡು ಸಲ ಸುತ್ತಲು ಹೋದ, ಎರಡು ಸಲವೂ ಜಾರಿತು.

"ಬಿಗಿ ಮಾಡ್ಬೇಡಿ ಅಳಿಯಂದಿರೇ, ಹೊಲಿಗೆ ಹಾಕಿದ್ದ ಜಾಗ ಅದು," ಎಂದರು ಅತ್ತೆ, ಟೀ ಆರಿಸಿಕೊಳ್ಳುತ್ತಾ. "ಕಿವಿ ಮೇಲಿಂದ ತಗೊಳ್ಳಿ. ಹಾಂ, ಹಾಗೆ. ಈಗ ಜೋರಾಗಿ ಓದಿ. ನಮಗೂ ಕೇಳ್ಲಿ."